ಯಾವ ಕೀಲಿಕೈ, ಯಾರಿಗೆ, ಯಾವಾಗ

ಸ್ವಯಂಸೇವಕರೇ ಕಟ್ಟಿ ನಡೆಸುವ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ಮುಕ್ತವಾಗಿರುವ) ತಂತ್ರಾಂಶ ಯೋಜನೆಯೊಂದರಲ್ಲಿ ಹೊಸ ಸದಸ್ಯತ್ವದ ಅರ್ಜಿಗಳನ್ನು ಪರಿಶೀಲಿಸುವ ಹೊಣೆಯನ್ನು ನಾನು ಹಲವು ವರ್ಷಗಳಿಂದ ಹೊತ್ತಿದ್ದೇನೆ. ಈ ಅವಧಿಯಲ್ಲಿ ಅರ್ಜಿ ತಿರಸ್ಕೃತವಾಗಿ ಹಿಂದಿರುಗಿದವರು ಬೆರಳೆಣಿಕೆಯಷ್ಟು ಮಂದಿ. ಉತ್ತರಕ್ಕಾಗಿ ಕಾದು ಕಾದು, ಒಂದು ಮಾತನ್ನೂ ಆಡದೆ ದೂರ ಸರಿದವರು ಅವರಿಗಿಂತ ಎಷ್ಟೋ ಹೆಚ್ಚು. ಪ್ರವೇಶದ ವ್ಯವಸ್ಥೆಯನ್ನು ಸುಧಾರಿಸುವ ಮಾತು ಬಂದಾಗಲೆಲ್ಲ ಪರೀಕ್ಷೆ ಕಠಿಣವಾಗಿರಬೇಕೋ ಸುಲಭವಾಗಿರಬೇಕೋ ಎಂಬ ಚರ್ಚೆಯೇ ಮುನ್ನೆಲೆಗೆ ಬರುತ್ತದೆ. ನನ್ನ ಅನುಭವದಲ್ಲಿ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಈ ವ್ಯಕ್ತಿಯ ಕೈಗೆ ನಾವು ಯಾವ ಕೀಲಿಕೈ ಕೊಡುತ್ತಿದ್ದೇವೆ ಮತ್ತು ಅವರ ಈಗಿನ ಕೆಲಸಕ್ಕೆ ಅದರ ಅಗತ್ಯವೆಷ್ಟು ಎಂಬುದನ್ನು.

ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್ ಒಂದನ್ನು ಕಟ್ಟುವ ಡೆಬಿಯನ್ ಯೋಜನೆಯ ಇತಿಹಾಸ ಇದಕ್ಕೆ ಒಳ್ಳೆಯ ಪಾಠ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಯೋಜನೆ ಎಷ್ಟು ವೇಗವಾಗಿ ಬೆಳೆಯಿತೆಂದರೆ, ಬರುವವರನ್ನು ಸರಿಯಾಗಿ ಪರಿಶೀಲಿಸಲಾಗದೆ 1999ರ ಕೊನೆಯ ಭಾಗದಲ್ಲಿ ಹೊಸಬರ ಪ್ರವೇಶವನ್ನೇ ನಿಲ್ಲಿಸಿ, 2000ದಲ್ಲಿ ಹೊಸ ಕ್ರಮದೊಂದಿಗೆ ಮತ್ತೆ ತೆರೆಯಬೇಕಾಯಿತು. ಆ ಕ್ರಮದ ಪ್ರಕಾರ ಹಳೆಯ ಸದಸ್ಯರೊಬ್ಬರು ಅರ್ಜಿದಾರರ ಪರವಾಗಿ ಮಾತು ಕೊಡಬೇಕು, ಅವರ ಗುರುತನ್ನು ದೃಢಪಡಿಸುವ ಎನ್‌ಕ್ರಿಪ್ಶನ್ ಕೀ ಮೇಲೆ ಈಗಾಗಲೇ ಸದಸ್ಯರಾಗಿರುವವರ ಸಹಿ ಇರಬೇಕು, ಯೋಜನೆಯ ತತ್ತ್ವ, ಕಾರ್ಯವಿಧಾನ ಮತ್ತು ಕೌಶಲದ ಬಗ್ಗೆ ಪರಿಶೀಲಕರ ಪ್ರಶ್ನೆಗಳಿಗೆ ಉತ್ತರಿಸಬೇಕು. ಇಷ್ಟೊಂದು ಎಚ್ಚರಿಕೆಗೆ ಕಾರಣವಿದೆ. ಡೆಬಿಯನ್‌ನ ಪೂರ್ಣ ಸದಸ್ಯರೊಬ್ಬರು ಭಂಡಾರದಲ್ಲಿರುವ ಯಾವುದೇ ಪ್ಯಾಕೇಜಿನ (ಸ್ಥಾಪಿಸಲು ಸಿದ್ಧಪಡಿಸಿದ ತಂತ್ರಾಂಶದ ಕಟ್ಟಿನ) ಹೊಸ ಆವೃತ್ತಿಯನ್ನು ಅಪ್‌ಲೋಡ್ ಮಾಡಬಲ್ಲರು. ಅಲ್ಲಿ ನುಸುಳಿದ ಒಂದು ತಪ್ಪು ಅಸಂಖ್ಯ ಕಂಪ್ಯೂಟರುಗಳಿಗೆ ತಾನಾಗಿಯೇ ತಲುಪುತ್ತದೆ.

ಆದರೆ ತನ್ನದೇ ಒಂದು ಪ್ಯಾಕೇಜನ್ನು ನೋಡಿಕೊಳ್ಳಲು ಬಂದವರಿಗೆ ಇಡೀ ಭಂಡಾರದ ಕೀಲಿಕೈ ಏಕೆ? 2007ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ, ತಮಗೆ ಒಪ್ಪಿಸಿದ ಪ್ಯಾಕೇಜುಗಳನ್ನು ಮಾತ್ರ ಅಪ್‌ಲೋಡ್ ಮಾಡಬಲ್ಲ ‘ಡೆಬಿಯನ್ ಮೇಂಟೇನರ್’ ಎಂಬ ನಡುವಿನ ಮೆಟ್ಟಿಲನ್ನು ನಿರ್ಮಿಸಿದರು. 2010ರಲ್ಲಿ ಇನ್ನೊಂದು ದಿಕ್ಕಿನಿಂದ ಬಾಗಿಲು ತೆರೆದರು: ಅನುವಾದ, ದಾಖಲೆ, ವಿನ್ಯಾಸದಂಥ ಕೆಲಸ ಮಾಡುವವರು ಪ್ಯಾಕೇಜ್ ಮುಟ್ಟದೆಯೂ ಮತದಾನದ ಹಕ್ಕುಳ್ಳ ಸದಸ್ಯರಾಗಬಹುದು ಎಂದು ಒಪ್ಪಿದರು. ಈ ಎರಡು ತೀರ್ಮಾನಗಳನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಕೋಡ್ ಸೇರಿಸುವ ಹಕ್ಕು, ಬಿಡುಗಡೆ ಮಾಡುವ ಹಕ್ಕು, ಮತ ಹಾಕುವ ಹಕ್ಕು, ಸರ್ವರ್‌ಗಳ ಮೇಲಿನ ಹಿಡಿತ ಇವೆಲ್ಲ ಬೇರೆ ಬೇರೆ ವಿಷಯಗಳು. ಇವನ್ನು ಒಂದೇ ಗಂಟಿನಲ್ಲಿ ಕಟ್ಟಿ ಕೊಡುವ ಯೋಜನೆಯಲ್ಲಿ ಪರೀಕ್ಷೆ ಉದ್ದವಾಗದೆ ಗತ್ಯಂತರವಿಲ್ಲ.

ಇನ್ನು ಪ್ರಶ್ನಾವಳಿಯ ವಿಷಯ. ನಾನೂ ಮೊದಮೊದಲು ಮೂವತ್ತು, ನಲವತ್ತು ಪ್ರಶ್ನೆಗಳನ್ನು ಕಳುಹಿಸುತ್ತಿದ್ದೆ. ಲೈಸೆನ್ಸ್ ಬಗೆಗಿನ ಉತ್ತರಗಳು ಅಚ್ಚುಕಟ್ಟಾಗಿ ಬರುತ್ತಿದ್ದವು, ಏಕೆಂದರೆ ಹಿಂದಿನವರ ಉತ್ತರಗಳು ಎಲ್ಲರಿಗೂ ಸಿಗುತ್ತಿದ್ದವು. ನನ್ನ ಅಭಿಪ್ರಾಯ ಬದಲಾದದ್ದು ಒಬ್ಬ ಅರ್ಜಿದಾರರ ಕಡತದಿಂದ. ಅವರು ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡಿನ ಒಂದು ಸಣ್ಣ ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದರು. ಅದರ ಹೊಸ ಆವೃತ್ತಿಯಲ್ಲಿ ಮೂಲ ಲೇಖಕರು ಎರಡು ಫಂಕ್ಷನ್‌ಗಳನ್ನು ತೆಗೆದುಹಾಕಿದ್ದರೂ ಅಂಥ ಬದಲಾವಣೆಯನ್ನು ಅವಲಂಬಿತ ಪ್ರೋಗ್ರಾಂಗಳಿಗೆ ಸೂಚಿಸುವ ಎಬಿಐ ಸಂಖ್ಯೆಯನ್ನು ಬದಲಿಸಿರಲಿಲ್ಲ. ಹಾಗೆಯೇ ಅಪ್‌ಲೋಡ್ ಮಾಡಿದ್ದರೆ ಅದನ್ನು ಅವಲಂಬಿಸಿ ಮೊದಲೇ ಕಂಪೈಲ್ ಆಗಿದ್ದ ನಾಲ್ಕು ಪ್ಯಾಕೇಜುಗಳು ಸರಿಯಿದ್ದಂತೆ ಕಂಡು, ಬಳಕೆದಾರರ ಕೈಯಲ್ಲಿ ಕುಸಿಯುತ್ತಿದ್ದವು. ಇವರು ಎರಡು ಆವೃತ್ತಿಗಳ ಸಿಂಬಲ್ ಪಟ್ಟಿಗಳನ್ನು (ಲೈಬ್ರರಿ ಒದಗಿಸುವ ಫಂಕ್ಷನ್ ಮೊದಲಾದವುಗಳ ಹೆಸರುಗಳನ್ನು) ಹೋಲಿಸಿ, ಮೂಲ ಲೇಖಕರಿಗೆ ಬಗ್ ವರದಿ ಸಲ್ಲಿಸಿ, ನಾಲ್ಕೂ ಪ್ಯಾಕೇಜುಗಳ ಹೊಣೆಗಾರರಿಗೆ ಸೌಜನ್ಯದಿಂದ ಬರೆದು, ಅವರೆಲ್ಲರ ಉತ್ತರ ಬರುವವರೆಗೆ ತಮ್ಮ ಕೆಲಸವನ್ನು ತಡೆಹಿಡಿದಿದ್ದರು. ಜಾಣ್ಮೆ, ತಾಳ್ಮೆ, ಇತರರ ಶ್ರಮದ ಬಗೆಗಿನ ಗೌರವ, ಮೂರೂ ಆ ಒಂದೇ ಪತ್ರವ್ಯವಹಾರದಲ್ಲಿ ಕಾಣುತ್ತಿದ್ದವು. ನನ್ನ ನಲವತ್ತು ಪ್ರಶ್ನೆಗಳಲ್ಲಿ ಒಂದೂ ಇದನ್ನು ಹೊರತರುವಂತಿರಲಿಲ್ಲ. ಅಂದಿನಿಂದ ನಾನು ಮೊದಲು ಅರ್ಜಿದಾರರು ಮಾಡಿಟ್ಟಿರುವ ಕೆಲಸವನ್ನು ಓದುತ್ತೇನೆ, ಅದರಲ್ಲಿ ತಿಳಿಯದೆ ಉಳಿದದ್ದಕ್ಕೆ ಮಾತ್ರ ಪ್ರಶ್ನೆ ಬರೆಯುತ್ತೇನೆ. ಸಾಮಾನ್ಯವಾಗಿ ಐದಾರು ಸಾಕಾಗುತ್ತವೆ.

ಹಲವು ಓಪನ್ ಸೋರ್ಸ್ ಯೋಜನೆಗಳಿಗೆ ಆಶ್ರಯವಾಗಿರುವ ಅಪಾಚೆ ಪ್ರತಿಷ್ಠಾನದ ಯೋಜನೆಗಳಲ್ಲಿ ಕಮಿಟರ್ (ಕೋಡನ್ನು ನೇರವಾಗಿ ಸೇರಿಸುವ ಹಕ್ಕುಳ್ಳವರು) ಆಗಲು ಸಾಮಾನ್ಯವಾಗಿ ಅರ್ಜಿಯೇ ಇರುವುದಿಲ್ಲ. ಕೆಲಸವನ್ನು ಗಮನಿಸಿದ ಆಡಳಿತ ಸಮಿತಿ ಮತ ಹಾಕಿ ಆಹ್ವಾನಿಸುತ್ತದೆ. ಕೆಲಸವನ್ನೇ ಆಧಾರವಾಗಿಸಿಕೊಳ್ಳುವ ಈ ಪದ್ಧತಿ ಸರಿಯಾದದ್ದೇ, ಆದರೆ ತಮ್ಮನ್ನು ತಾವು ಮುಂದೆ ಮಾಡಿಕೊಳ್ಳದವರು ಯಾರ ಕಣ್ಣಿಗೂ ಬೀಳದೆ ಉಳಿಯುವ ಅಪಾಯ ಇದರಲ್ಲಿದೆ. ಪ್ಯಾಚ್ (ಕೋಡಿಗೆ ತಿದ್ದುಪಡಿ) ಕಳುಹಿಸಿದವರ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಯಾರಾದರೂ ಕುಳಿತು ಓದಲೇಬೇಕು.

ಪರೀಕ್ಷೆ ದೀರ್ಘವಾದಷ್ಟೂ ಸುರಕ್ಷತೆ ಹೆಚ್ಚುತ್ತದೆ ಎಂಬ ನಂಬಿಕೆಯನ್ನು 2024ರ ಎಕ್ಸ್‌ಝಡ್ (ಕಡತಗಳನ್ನು ಕುಗ್ಗಿಸುವ ತಂತ್ರಾಂಶ) ಪ್ರಕರಣ ಅಲುಗಾಡಿಸಿತು. ಜಿಯಾ ಟ್ಯಾನ್ ಎಂಬ ಹೆಸರಿಟ್ಟುಕೊಂಡವರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ವಿಶ್ವಾಸ ಗಳಿಸಿ, ಬಿಡುಗಡೆಯ ಹಕ್ಕು ಪಡೆದು, ಅನಂತರ ಗುಟ್ಟಾಗಿ ಒಳನುಗ್ಗಲು ಅನುವಾಗುವ ಹಿಂಬಾಗಿಲನ್ನು ಸೇರಿಸಿದರು. ದೂರದ ಕಂಪ್ಯೂಟರನ್ನು ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದನ್ನು ಗಮನಿಸಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಂಡ್ ಅವರಿಂದಾಗಿ ಅದು ಬಯಲಾಯಿತು. ಇಲ್ಲಿ ಎರಡು ಅಂಶಗಳು ನನ್ನನ್ನು ಕಾಡುತ್ತವೆ. ಹಿಂಬಾಗಿಲನ್ನು ಚಾಲೂ ಮಾಡುವ ಬಿಲ್ಡ್ ಸ್ಕ್ರಿಪ್ಟ್ (ಕೋಡನ್ನು ಪ್ರೋಗ್ರಾಂ ಆಗಿ ಕಟ್ಟುವ ಸೂಚನೆಗಳ ಕಡತ) ಎಲ್ಲರೂ ನೋಡಬಲ್ಲ ಗಿಟ್ ಕೋಡ್ ಭಂಡಾರದಲ್ಲಿ ಇರಲೇ ಇಲ್ಲ, ಬಿಡುಗಡೆಗೆಂದು ಕಟ್ಟಿಟ್ಟ ಟಾರ್ ಕಡತದಲ್ಲಿ ಮಾತ್ರ ಇತ್ತು. ಬಿಡುಗಡೆಯನ್ನು ಎರಡನೆಯವರೊಬ್ಬರು ತಾಳೆ ನೋಡುವ ಕ್ರಮವಿದ್ದಿದ್ದರೆ ಆ ವ್ಯತ್ಯಾಸ ಕಣ್ಣಿಗೆ ಬೀಳುವ ಸಾಧ್ಯತೆಯಿತ್ತು. ಇನ್ನೊಂದು, ಮೂಲ ನಿರ್ವಾಹಕರು ಒಂಟಿಯಾಗಿ ದುಡಿದು ದಣಿದಿದ್ದರು, ಅಪರಿಚಿತ ಖಾತೆಗಳು ಬೇಗ ಇನ್ನೊಬ್ಬರನ್ನು ಸೇರಿಸಿಕೊಳ್ಳಿ ಎಂದು ಅವರನ್ನು ಒತ್ತಾಯಿಸುತ್ತಿದ್ದವು. ಹೊಸಬರು ಬಾರದ ಯೋಜನೆ ಹೀಗೆ ಕೊನೆಗೆ ಒಬ್ಬರಿಗೇ ಎಲ್ಲ ಕೀಲಿಕೈ ಒಪ್ಪಿಸುವ ಸ್ಥಿತಿಗೆ ಬರುತ್ತದೆ.

ಕಾಯುವಿಕೆಯ ಬಗ್ಗೆ ನಮ್ಮಲ್ಲಿ ಈಗ ಒಂದು ನಿಯಮವಿದೆ. ಪ್ರತಿ ಅರ್ಜಿಯ ಮೇಲೂ ಒಬ್ಬರ ಹೆಸರು ಮತ್ತು ಮುಂದಿನ ದಿನಾಂಕ ಇರಬೇಕು. ಆ ದಿನಾಂಕದೊಳಗೆ ಪರಿಶೀಲಕರು ಬರೆಯದಿದ್ದರೆ ಕಾರಣ ಕೇಳದೆ ಕಡತ ಬೇರೊಬ್ಬರಿಗೆ ಹೋಗುತ್ತದೆ, ಏಕೆಂದರೆ ಅವರೂ ಸ್ವಯಂಸೇವಕರೇ, ಅವರ ಮನೆಯಲ್ಲೂ ಕಷ್ಟಸುಖಗಳಿರುತ್ತವೆ. ಒಬ್ಬರ ಕೈಯಲ್ಲಿ ಒಮ್ಮೆಗೆ ಎರಡಕ್ಕಿಂತ ಹೆಚ್ಚು ಕಡತ ಇರುವುದಿಲ್ಲ. ಅರ್ಜಿದಾರರೇ ಮೌನವಾದರೆ ಕಡತವನ್ನು ತೆಗೆದಿಟ್ಟು, ಯಾವಾಗ ಬಂದರೂ ಬಿಟ್ಟಲ್ಲಿಂದಲೇ ಮುಂದುವರಿಸಬಹುದು ಎಂದು ಬರೆಯುತ್ತೇವೆ. ಇಲ್ಲವೆನ್ನಬೇಕಾಗಿ ಬಂದರೆ ಯಾವ ಕೆಲಸದಲ್ಲಿ ಏನು ಕೊರತೆ ಕಂಡಿತು, ಏನು ಮಾಡಿ ತೋರಿಸಿದರೆ ಮತ್ತೆ ಪರಿಗಣಿಸುತ್ತೇವೆ ಎಂಬುದನ್ನು ಪರಿಶೀಲಕರು ತಮ್ಮ ಹೆಸರಿನಲ್ಲೇ ತಿಳಿಸಬೇಕು.

ಲೈಬ್ರರಿಯ ಆ ಅರ್ಜಿದಾರರ ಕಡತ ನನ್ನ ಬಳಿಗೆ ಬರುವ ಮೊದಲು ಹನ್ನೊಂದು ತಿಂಗಳು ಯಾರ ಹೆಸರೂ ಇಲ್ಲದೆ ಬಿದ್ದಿತ್ತು. ಅಷ್ಟೂ ಕಾಲ ಅವರು ಪ್ರತಿ ಅಪ್‌ಲೋಡಿಗೂ ಬೇರೊಬ್ಬ ಸದಸ್ಯರನ್ನು ವಿನಂತಿಸಿಕೊಳ್ಳುತ್ತಲೇ ಕೆಲಸ ಮುಂದುವರಿಸಿದ್ದರು. ಅವರ ಕಡತ ಓದಿದ ವಾರದಲ್ಲೇ ಆ ಒಂದು ಪ್ಯಾಕೇಜಿನ ಹಕ್ಕನ್ನು ಅವರಿಗೆ ಕೊಟ್ಟೆವು. ಉಳಿದ ಪರಿಶೀಲನೆ ಅದರ ಪಾಡಿಗೆ ನಡೆಯಿತು.