ಮಳೆಗಾಲದ ಜ್ವರ ಮತ್ತು ಒಂದು ಗಾಜಿನ ಸ್ಲೈಡು

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಮಂಗಳೂರಿನ ಲ್ಯಾಬುಗಳಿಗೆ ಜ್ವರದವರ ರಕ್ತ ಬರಲು ಶುರುವಾಗುತ್ತದೆ. ಮಲೇರಿಯಾ, ಡೆಂಗಿ, ಇಲಿಜ್ವರ, ಟೈಫಾಯ್ಡ್, ಯಾವುದೇ ಇರಲಿ, ಮೊದಲೆರಡು ದಿನ ಜ್ವರ, ತಲೆನೋವು, ಮೈಕೈ ನೋವು ಅಷ್ಟೇ. ಹಾಗಾಗಿ ‘ಎಲ್ಲ ಟೆಸ್ಟೂ ಮಾಡಿಬಿಡಿ’ ಎನ್ನುವವರೇ ಹೆಚ್ಚು. ಸೂಕ್ಷ್ಮಜೀವಿಶಾಸ್ತ್ರ ಕಲಿಯಲು ಹೊರಟವರು ಮೊದಲು ಬಿಡಬೇಕಾದದ್ದು ಈ ಅಭ್ಯಾಸವನ್ನೇ. ರೋಗಾಣು ಎಷ್ಟು ದೊಡ್ಡದು, ಮೈಯಲ್ಲಿ ಎಲ್ಲಿ ಕೂತಿದೆ, ಯಾವ ಹೊತ್ತಿಗೆ ಸಿಗುತ್ತದೆ ಎಂಬುದು ಗೊತ್ತಿದ್ದರೆ ಯಾವ ಟೆಸ್ಟು ಮಾಡಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಅಳತೆಯಿಂದ ಶುರು ಮಾಡೋಣ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಒಂದು ಮೈಕ್ರಾನ್. ನಮ್ಮ ಕೆಂಪು ರಕ್ತಕಣದ ಅಗಲ 7ರಿಂದ 8 ಮೈಕ್ರಾನ್. ಮಲೇರಿಯಾ ಪರೋಪಜೀವಿ ಅದರೊಳಗೇ ಬೆಳೆಯುತ್ತದೆ, ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ. ಟೈಫಾಯ್ಡಿನ ಬ್ಯಾಕ್ಟೀರಿಯಾ ಕೂಡ ಕಾಣುವಷ್ಟು ದೊಡ್ಡದೇ, ಆದರೆ ಒಂದು ಮಿಲಿಲೀಟರ್ ರಕ್ತದಲ್ಲಿ ಹಲವು ಬಾರಿ ಒಂದೂ ಇರುವುದಿಲ್ಲ. ಅದಕ್ಕೆ ಸ್ಲೈಡು ಉಪಯೋಗವಿಲ್ಲ. ಆಂಟಿಬಯೋಟಿಕ್ ಶುರುಮಾಡುವ ಮೊದಲು ದೊಡ್ಡವರಿಂದ 8–10 ಮಿ.ಲೀ. ರಕ್ತ ತೆಗೆದು ಬ್ಯಾಕ್ಟೀರಿಯಾ ಬೆಳೆಸುವ ಕಲ್ಚರ್ ಬಾಟಲಿಗೆ ಹಾಕಬೇಕು. (ಜ್ವರ ಬಂದ ಎರಡನೇ ದಿನ ಮಾಡಿಸುವ ಟೈಫಾಯ್ಡಿನ ಒಂಟಿ ವಿಡಾಲ್ ಟೆಸ್ಟಿಗೆ ಕೊಡುವ ದುಡ್ಡು ದಂಡ.) ಇಲಿಜ್ವರದ ಲೆಪ್ಟೋಸ್ಪೈರಾ 6ರಿಂದ 20 ಮೈಕ್ರಾನ್ ಉದ್ದ, ಆದರೆ ದಪ್ಪ ಬರೀ 0.1 ಮೈಕ್ರಾನ್. ಸಾಮಾನ್ಯ ಮೈಕ್ರೋಸ್ಕೋಪಿಗೆ 0.2ಕ್ಕಿಂತ ಸಣ್ಣದು ಸಿಕ್ಕುವುದಿಲ್ಲ. ಡೆಂಗಿ ವೈರಸ್ಸಂತೂ 0.05 ಮೈಕ್ರಾನ್, ಕಣ್ಣಿನ ಮಾತೇ ಇಲ್ಲ.

ಹೊತ್ತಿನ ಲೆಕ್ಕವೂ ಬೇರೆ ಬೇರೆ. ಡೆಂಗಿಗೆ ಮೊದಲ ಐದು ದಿನ ವೈರಸ್ಸಿನದೇ ಪ್ರೋಟೀನ್ ಹುಡುಕುವ ಎನ್‌ಎಸ್1 ಟೆಸ್ಟು, ಆಮೇಲೆ ಮೈ ತಯಾರಿಸುವ ಪ್ರತಿಕಾಯ ಹುಡುಕುವ ಐಜಿಎಂ. ಲೆಪ್ಟೋಸ್ಪೈರಾ ಮೊದಲ ವಾರ ರಕ್ತದಲ್ಲಿ, ನಂತರ ಮೂತ್ರದಲ್ಲಿ. ಆನೆಕಾಲು ರೋಗದ ಹುಳುವಿನ ಮರಿ, ಅಂದರೆ ಮೈಕ್ರೋಫೈಲೇರಿಯಾ, ರಾತ್ರಿ 10ರಿಂದ 2ರ ನಡುವೆ ಮಾತ್ರ ಬೆರಳಿನ ರಕ್ತಕ್ಕೆ ಚೆನ್ನಾಗಿ ಬರುತ್ತದೆ, ಬೆಳಿಗ್ಗೆ ತೆಗೆದ ಸ್ಲೈಡಿನಲ್ಲಿ ಹುಡುಕಿ ಸಿಗದಿದ್ದರೆ ಆಶ್ಚರ್ಯವಿಲ್ಲ. ಮಲೇರಿಯಾಕ್ಕೆ ಚಳಿ ಬರುವವರೆಗೆ ಕಾಯಬೇಕಾಗಿಲ್ಲ. ಅನುಮಾನ ಬಂದ ಕೂಡಲೇ ರಕ್ತ ತೆಗೆಯಬೇಕು. ಮೊದಲನೆಯದು ನೆಗೆಟಿವ್ ಬಂದರೆ 12ರಿಂದ 24 ಗಂಟೆಗೊಮ್ಮೆ, ಒಟ್ಟು ಮೂರು ಬಾರಿ ನೋಡಬೇಕು.

ಇನ್ನು ಸ್ಲೈಡು. ಉಂಗುರಬೆರಳಿನ ತುದಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಪೂರ್ತಿ ಆರಲು ಬಿಡಿ. ಚುಚ್ಚಿದ ಮೇಲೆ ಬರುವ ಮೊದಲ ಹನಿ ಒರೆಸಿ ತೆಗೆಯಿರಿ. ಬೆರಳನ್ನು ಹಿಂಡಬೇಡಿ, ಅಂಗಾಂಶದ ನೀರು ಬೆರೆತು ರಕ್ತ ತೆಳುವಾಗುತ್ತದೆ. ಒಂದೇ ಸ್ಲೈಡಿನ ಮೇಲೆ ಎರಡು ಸ್ಮಿಯರ್ (ರಕ್ತದ ಲೇಪ): ಮೂರು ಸಣ್ಣ ಹನಿಗಳನ್ನು ಇನ್ನೊಂದು ಸ್ಲೈಡಿನ ಮೂಲೆಯಿಂದ ಕಲಸಿ ಒಂದು ಸೆಂಟಿಮೀಟರ್ ಅಗಲದ ವೃತ್ತ ಮಾಡಿದರೆ ಅದು ದಪ್ಪ ಸ್ಮಿಯರ್, ಕೆಳಗೆ ಪೇಪರ್ ಇಟ್ಟರೆ ಅಕ್ಷರ ಕಷ್ಟಪಟ್ಟು ಓದುವಂತಿರಬೇಕು. ಪಕ್ಕದಲ್ಲಿ ಒಂದು ಪುಟ್ಟ ಹನಿಯನ್ನು 45 ಡಿಗ್ರಿ ಕೋನದಲ್ಲಿ ಒಂದೇ ಸಲಕ್ಕೆ ಎಳೆದರೆ ತೆಳು ಸ್ಮಿಯರ್. ದಪ್ಪದ್ದು ಪರೋಪಜೀವಿ ಇದೆಯೇ ಎಂದು ಹುಡುಕಲು, ತೆಳುವಿನದ್ದು ಯಾವ ಜಾತಿಯದು ಎಂದು ಹೇಳಲು.

ನಮ್ಮ ಊರಿನ ತೊಂದರೆ ಒಣಗಿಸುವುದರಲ್ಲಿ. ಆಟಿ ತಿಂಗಳ ಮಳೆಯ ತೇವಕ್ಕೆ ದಪ್ಪ ಸ್ಮಿಯರ್ ಬೇಗ ಆರುವುದಿಲ್ಲ. ಅವಸರಕ್ಕೆ ಬಲ್ಬಿನ ಬುಡದಲ್ಲೋ ಸ್ಪಿರಿಟ್ ದೀಪದ ಮೇಲೋ ಹಿಡಿದರೆ ಕೆಲಸ ಕೆಟ್ಟಿತು: ಬಿಸಿಗೆ ಕೆಂಪುಕಣ ಗಾಜಿಗೆ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ನೀರಿನಲ್ಲಿ ಒಡೆಯುವುದಿಲ್ಲ. ಕಣಗಳು ಒಡೆದು ಬಣ್ಣ ಬಿಟ್ಟರೆ ತಾನೆ ಅಷ್ಟು ದಪ್ಪ ಪದರದೊಳಗೆ ಪರೋಪಜೀವಿ ಕಾಣುವುದು! ಆರದೇ ಸ್ಟೇನಿಗೆ (ಬಣ್ಣದ ದ್ರಾವಣಕ್ಕೆ) ಹಾಕಿದರೆ ಸ್ಮಿಯರೇ ಕಿತ್ತು ತೇಲಿಹೋಗುತ್ತದೆ. ಸಮತಟ್ಟಾಗಿ ಇಟ್ಟು ತಣ್ಣನೆ ಗಾಳಿ ಕೊಡಿ, ಮುಚ್ಚಿಡಿ. ನೊಣ, ಇರುವೆಗಳಿಗೆ ಹಸಿ ರಕ್ತವೆಂದರೆ ಹಬ್ಬ.

ಕಣಗಳನ್ನು ಗಾಜಿಗೆ ಕೂರಿಸುವ ಮೆಥನಾಲ್ ತೆಳು ಸ್ಮಿಯರಿಗೆ ಮಾತ್ರ. ದಪ್ಪದ್ದಕ್ಕೆ ಹನಿಯೂ ತಾಗಬಾರದು, ಆವಿಯೂ ತಾಗಬಾರದು. ಸ್ಲೈಡು ಓರೆ ಹಿಡಿದು ಅದ್ದಿ. ನಂತರ ಜೀಮ್ಸಾ ಸ್ಟೇನ್: 10 ಪರ್ಸೆಂಟ್ ಆದರೆ 10 ನಿಮಿಷ, 3 ಪರ್ಸೆಂಟ್ ಆದರೆ 45 ನಿಮಿಷ. ಬೇಕಾದಾಗಲೇ ಕಲಸಿಕೊಳ್ಳಬೇಕು, ಕಲಸಲು ಬಫರ್ ನೀರೇ ಬೇಕು, ಪಿಎಚ್ 7.2. ಮುರಕಲ್ಲಿನ ನೆಲದ ಬಾವಿನೀರು ಹೆಚ್ಚಾಗಿ ತುಸು ಆಮ್ಲೀಯ. ಅದರಲ್ಲಿ ಕಲಸಿದರೆ ವೈವಾಕ್ಸ್ ಎಂಬ ಮಲೇರಿಯಾ ಜಾತಿಯನ್ನು ಗುರುತಿಸಲು ಬೇಕಾದ, ಕೆಂಪುಕಣದಲ್ಲಿ ಕಾಣುವ ಷುಫ್ನರ್ ಚುಕ್ಕೆಗಳು ಮೂಡುವುದೇ ಇಲ್ಲ.

ನೂರು ಪಟ್ಟಿನ ಆಯಿಲ್ ಲೆನ್ಸ್, ಹತ್ತು ಪಟ್ಟಿನ ಐಪೀಸ್. ದಪ್ಪ ಸ್ಮಿಯರಿನಲ್ಲಿ ಕನಿಷ್ಠ 100 ಫೀಲ್ಡ್ (ಲೆನ್ಸಿನಲ್ಲಿ ಒಮ್ಮೆಗೆ ಕಾಣುವ ಜಾಗ) ನೋಡದೆ ನೆಗೆಟಿವ್ ಎಂದು ಬರೆಯಬಾರದು. ಕೆಂಪು ಚುಕ್ಕೆ ಮತ್ತು ನೀಲಿ ಭಾಗ ಎರಡೂ ಒಟ್ಟಿಗೆ ಇದ್ದರಷ್ಟೇ ಪರೋಪಜೀವಿ. ಹೊಸಬರನ್ನು ಹೆಚ್ಚು ಮೋಸಗೊಳಿಸುವುದು ಕೆಂಪುಕಣದ ಮೇಲೆ ಬಂದು ಕೂತ ಪ್ಲೇಟ್‌ಲೆಟ್. ಅದಕ್ಕೆ ನೀಲಿ ಉಂಗುರ ಇರುವುದಿಲ್ಲ. ಎಣಿಕೆ ಸುಲಭ: 200 ಬಿಳಿಕಣ ಎಣಿಸುವಷ್ಟರಲ್ಲಿ ಕಂಡ ಪರೋಪಜೀವಿಗಳನ್ನು 40ರಿಂದ ಗುಣಿಸಿ. 150 ಕಂಡರೆ ಮೈಕ್ರೋಲೀಟರಿಗೆ 6,000. ಬಿಳಿಕಣ 8,000 ಎಂದು ಹಿಡಿದ ಲೆಕ್ಕ ಇದು.

ರಕ್ತ ಹೆಪ್ಪುಗಟ್ಟದಂತೆ ಇಡುವ ಇಡಿಟಿಎ ಟ್ಯೂಬಿನ ರಕ್ತವನ್ನು ಗಂಟೆಗಟ್ಟಲೆ ಇಟ್ಟು ಸ್ಮಿಯರ್ ಮಾಡಬೇಡಿ. ಹೊರಗೆ ತಣ್ಣಗಾದ ರಕ್ತದಲ್ಲಿ ಮಲೇರಿಯಾದ ಗಂಡು ಗ್ಯಾಮಿಟೋಸೈಟ್ (ಲೈಂಗಿಕ ಹಂತದ ಪರೋಪಜೀವಿ) ಎಳೆ ಎಳೆಯಾಗಿ ಬಾಲ ಬಿಚ್ಚುತ್ತದೆ. 1880ರಲ್ಲಿ ಆಲ್ಜೀರಿಯಾದಲ್ಲಿ ಮಲೇರಿಯಾ ಪರೋಪಜೀವಿಯನ್ನು ಮೊದಲು ಗುರುತಿಸಿದ ಫ್ರೆಂಚ್ ವೈದ್ಯ ಲಾವೆರಾನ್ ಕಂಡು ಬೆರಗಾದದ್ದು ಇದನ್ನೇ. ಈಗಿನ ಲ್ಯಾಬಿನಲ್ಲಿ ಇದೇ ಎಳೆಗಳನ್ನು ಸುರುಳಿ ಬ್ಯಾಕ್ಟೀರಿಯಾ ಎಂದು ತಪ್ಪು ತಿಳಿಯುವುದುಂಟು.

ಮಂಗಳೂರಿನಲ್ಲಿ ಸಿಗುವುದು ಹೆಚ್ಚಾಗಿ ವೈವಾಕ್ಸ್. ಅದು ಹೊಕ್ಕ ಕೆಂಪುಕಣ ಊದಿಕೊಂಡಿರುತ್ತದೆ, ಎಲ್ಲ ಹಂತಗಳೂ ಒಂದೇ ಸ್ಲೈಡಿನಲ್ಲಿ ಸಿಗುತ್ತವೆ. ಇನ್ನೊಂದು ಜಾತಿ ಫಾಲ್ಸಿಪಾರಂ ಆದರೆ ಕಣ ಊದುವುದಿಲ್ಲ, ತೆಳ್ಳಗಿನ ಉಂಗುರಗಳು, ಒಂದೇ ಕಣದಲ್ಲಿ ಎರಡು ಮೂರು, ಕೆಲವೊಮ್ಮೆ ಬಾಳೆಹಣ್ಣಿನಾಕಾರದ ಗ್ಯಾಮಿಟೋಸೈಟ್. ಅದರ ಬೆಳೆದ ಹಂತಗಳು ಮಿದುಳು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳಿಗೆ ಅಂಟಿಕೊಂಡು ಅಡಗಿರುತ್ತವೆ. ಆದ್ದರಿಂದ ಸ್ಲೈಡಿನಲ್ಲಿ ಉಂಗುರ ಕಡಿಮೆ ಕಂಡಿತೆಂದು ನಿರಾಳವಾಗುವಂತಿಲ್ಲ. ರಕ್ತದ ಹನಿ ಹಾಕಿ ಗೆರೆ ನೋಡುವ ಕಾರ್ಡ್ ಟೆಸ್ಟ್ 15–20 ನಿಮಿಷದಲ್ಲಿ ಉತ್ತರ ಕೊಡುತ್ತದೆ, ಆದರೆ ಫಾಲ್ಸಿಪಾರಂನ ಎಚ್‌ಆರ್‌ಪಿ2 ಎಂಬ ಪ್ರೋಟೀನಿನ ಗೆರೆ ವಾಸಿಯಾದ ಮೇಲೂ ವಾರಗಟ್ಟಲೆ ಉಳಿಯುತ್ತದೆ. ಮದ್ದು ಕೆಲಸ ಮಾಡಿದೆಯೇ ಎಂದು ತಿಳಿಯಲು ಸ್ಲೈಡೇ ಬೇಕು. ಕಾರ್ಡಿನ ಪೊಟ್ಟಣವನ್ನು ಮೊದಲೇ ಒಡೆದಿಟ್ಟರೆ ಮಳೆಗಾಲದ ತೇವಕ್ಕೆ ಕಾರ್ಡು ಹಾಳು.

ಪೇಟೆಯಲ್ಲಿ ಮಲೇರಿಯಾ ಹರಡುವುದು ಮುಖ್ಯವಾಗಿ ಅನಾಫಿಲಿಸ್ ಸ್ಟೀಫನ್ಸಿ ಎಂಬ ಸೊಳ್ಳೆ. ಅದಕ್ಕೆ ಕೊಳಚೆ ಬೇಡ. ಮುಚ್ಚಳವಿಲ್ಲದ ಓವರ್‌ಹೆಡ್ ಟ್ಯಾಂಕ್, ಬಾವಿ, ಹೊಸ ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆ ಕಟ್ಟಿದ ನೀರು ಸಾಕು. ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದ ಮರಿ ಕಂಡರೆ ಅನಾಫಿಲಿಸ್. ತಲೆಕೆಳಗಾಗಿ ಜೋತುಬಿದ್ದದ್ದು ಬೇರೆ ಸೊಳ್ಳೆಯದು. ಅಡಿಕೆ ಹಾಳೆ, ರಬ್ಬರ್ ಹಾಲು ಹಿಡಿಯುವ ಚಿಪ್ಪಿನಲ್ಲಿ ಸಿಗುವುದು ಹೆಚ್ಚಾಗಿ ಡೆಂಗಿ ಹರಡುವ ಈಡಿಸ್. ವಾರಕ್ಕೊಮ್ಮೆ ನೀರು ಚೆಲ್ಲಿ ಒಣಗಿಸಿದರೆ ಮರಿ ಸೊಳ್ಳೆಯಾಗುವುದಿಲ್ಲ.

ಯಾವ ಸ್ಲೈಡೂ ತೋರಿಸದ ವಿಷಯವೊಂದಿದೆ. ವೈವಾಕ್ಸಿನ ಒಂದಷ್ಟು ಪರೋಪಜೀವಿಗಳು ಯಕೃತ್ತಿನಲ್ಲಿ ನಿದ್ದೆ ಹೋಗಿರುತ್ತವೆ. ರಕ್ತದಲ್ಲಿರುವ ಪರೋಪಜೀವಿಯನ್ನು ಕೊಲ್ಲುವ ಕ್ಲೋರೋಕ್ವಿನ್ ಮಾತ್ರೆ ಅವನ್ನು ಮುಟ್ಟುವುದಿಲ್ಲ. ಜ್ವರ ಬಿಟ್ಟ ಮೂರನೇ ದಿನಕ್ಕೆ ಮಾತ್ರೆ ನಿಲ್ಲಿಸಿದವರಿಗೆ ತಿಂಗಳುಗಳ ನಂತರ ಸೊಳ್ಳೆ ಕಚ್ಚದೆಯೂ ಜ್ವರ ಮರಳುವುದು ಇದರಿಂದ. ಅದಕ್ಕೇ ಪ್ರೈಮಾಕ್ವಿನ್, ತೂಕದ ಕಿಲೋಗೆ ದಿನಕ್ಕೆ 0.25 ಮಿಲಿಗ್ರಾಂ ಲೆಕ್ಕದಲ್ಲಿ 14 ದಿನ. ಗರ್ಭಿಣಿಯರಿಗೂ ಎಳೆಯ ಶಿಶುಗಳಿಗೂ ಕೊಡುವಂತಿಲ್ಲ. ಜಿ6ಪಿಡಿ (ಕೆಂಪುಕಣವನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇದ್ದವರಲ್ಲಿ ಇದು ಕೆಂಪುಕಣ ಒಡೆಯುತ್ತದೆ, ಆದ್ದರಿಂದ ಆ ಟೆಸ್ಟು ಮೊದಲೇ ಆಗಿದ್ದರೆ ಒಳ್ಳೆಯದು. ಮಾತ್ರೆ ನಡೆಯುತ್ತಿರುವಾಗ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ಅದೇ ದಿನ ವೈದ್ಯರಿಗೆ ತೋರಿಸಬೇಕು.