ಕೈ ಅಡ್ಡ ಹಿಡಿದರೆ ಗೇಟ್ ನಿಲ್ಲುತ್ತೆ, ಇನ್ನೇನು ಟೆಸ್ಟ್ ಮಾಡೋದು?

ಓದುಗರ ಪ್ರಶ್ನೆ: ನಮ್ಮ ಫ್ಯಾಕ್ಟರಿಗೆ 6 ಮೀಟರ್ ಅಗಲದ ಆಟೊಮ್ಯಾಟಿಕ್ ಸ್ಲೈಡಿಂಗ್ ಗೇಟ್ ಹಾಕಿಸಿದ್ದೇವೆ. ಸೆನ್ಸರ್ ಇದೆ, ಕೈ ಅಡ್ಡ ಹಿಡಿದರೆ ನಿಲ್ಲುತ್ತೆ. ಮೋಟಾರ್ ಮೇಲೆ ಸಿಇ ಮಾರ್ಕ್ (ಯುರೋಪ್ ನಿಯಮಕ್ಕೆ ತಕ್ಕಂತಿದೆ ಅಂತ ತಯಾರಕರು ಹಾಕುವ ಗುರುತು) ಕೂಡ ಇದೆ. ವಿದೇಶಿ ಕಸ್ಟಮರ್ ಕಡೆಯಿಂದ ಆಡಿಟ್‌ಗೆ ಬಂದವರು ‘ಗೇಟ್ ಟೆಸ್ಟ್ ರಿಪೋರ್ಟ್ ಎಲ್ಲಿ?’ ಅಂತ ಕೇಳಿದರು. ಗೇಟ್‌ಗೂ ಟೆಸ್ಟ್ ಬೇಕಾ?

ಬೇಕು. ಸೆನ್ಸರ್ ಕೆಲಸ ಮಾಡುತ್ತಿರೋದು ಒಳ್ಳೆಯದೇ. ಆದರೆ ದೊಡ್ಡ ಗೇಟ್‌ಗಳು ಜೀವ ತೆಗೆಯೋದು ಮುಖ್ಯವಾಗಿ ಎರಡು ರೀತಿಯಲ್ಲಿ. ಒಂದು, ಮನುಷ್ಯ ಗೇಟಿಗೂ ಕಂಬಕ್ಕೂ ನಡುವೆ ಸಿಕ್ಕಿಕೊಳ್ಳೋದು. ಇನ್ನೊಂದು, ಗೇಟೇ ಮೈಮೇಲೆ ಬೀಳೋದು. ನಿಮ್ಮ ಕೈ ಪರೀಕ್ಷೆ ಮೊದಲನೆಯದಕ್ಕೆ ಅರ್ಧ ಉತ್ತರ ಕೊಡುತ್ತದೆ. ಎರಡನೆಯದರ ಬಗ್ಗೆ ಅದು ಏನೂ ಹೇಳೋದಿಲ್ಲ.

ಮೊದಲು ಆ ಸಿಇ ಮಾರ್ಕ್ ವಿಷಯ ಮುಗಿಸಿಬಿಡೋಣ. ಅದು ಮೋಟಾರಿಗೆ ಸಿಕ್ಕಿದ್ದು, ನಿಮ್ಮ ಗೇಟಿಗಲ್ಲ. ನಮ್ಮಲ್ಲಿ ಕೆಲಸ ಹೇಗೆ ನಡೆಯುತ್ತೆ ಗೊತ್ತಲ್ವಾ? ಗೇಟ್ ವೆಲ್ಡ್ ಮಾಡಿದವರು ಪೀಣ್ಯದ ಯಾವುದೋ ಫ್ಯಾಬ್ರಿಕೇಟರ್. ಮೋಟಾರ್ ಇಟಲಿಯದ್ದೋ ಚೀನಾದ್ದೋ. ವೈರಿಂಗ್ ಮಾಡಿದವರು ಮೂರನೆಯವರು. ಇವೆಲ್ಲ ಸೇರಿ ನಿಮ್ಮ ಬಾಗಿಲಲ್ಲಿ ಒಂದು ಯಂತ್ರ ಆಗಿದೆ. ಆ ಇಡೀ ಯಂತ್ರವನ್ನು ಯಾರೂ ನೋಡಿಲ್ಲ. ಯುರೋಪ್‌ನಲ್ಲಿ, ಮೊದಲೇ ಇದ್ದ ಗೇಟಿಗೆ ಮೋಟಾರ್ ಜೋಡಿಸಿ ಓಡಿಸಿದವರನ್ನೇ ಕಾನೂನು ‘ತಯಾರಕ’ ಅಂತ ನೋಡುತ್ತದೆ, ಹೊಣೆಯೂ ಅವರದ್ದೇ. ಅಲ್ಲಿನ ಇಎನ್ 13241 ಅನ್ನೋ ಮಾನದಂಡ ಇಡೀ ಗೇಟಿಗೆ ಅನ್ವಯಿಸುತ್ತದೆ. ಮೋಟಾರಿನಿಂದ ಓಡುವ ಗೇಟಿನ ಸುರಕ್ಷತೆಯನ್ನು ಹೇಗೆ ಅಳೆಯಬೇಕು ಅನ್ನೋದು ಇಎನ್ 12453ರಲ್ಲಿದೆ. ಆಡಿಟ್‌ನವರು ಕೇಳಿದ್ದು ಬಹುಶಃ ಇದನ್ನೇ.

ಈಗ ಸೆನ್ಸರ್. ನೀವು ಹೇಳುತ್ತಿರೋದು ಫೋಟೊಸೆಲ್, ಅಂದರೆ ಬೆಳಕಿನ ಕಿರಣಕ್ಕೆ ಏನಾದರೂ ಅಡ್ಡ ಬಂದರೆ ಗೇಟ್ ನಿಲ್ಲಿಸುವ ಸಾಧನ. ಅದು ಎರಡು ಕಂಬಗಳ ನಡುವೆ ಕಟ್ಟಿದ ಒಂದೇ ಒಂದು ದಾರದ ಹಾಗೆ. ದಾರಕ್ಕೆ ತಾಗಿದ್ದು ಮಾತ್ರ ಅದಕ್ಕೆ ಗೊತ್ತಾಗುತ್ತೆ. ಒಂದೇ ಎತ್ತರದಲ್ಲಿ ಫಿಟ್ ಮಾಡಿರುತ್ತಾರೆ. ಉದ್ದದ ಕಂಟೇನರ್ ಟ್ರೇಲರ್ ಒಂದು ಗೇಟಿನ ನಡುವೆ ನಿಂತಿದೆ ಅಂದುಕೊಳ್ಳಿ. ಮುಂದಿನ ಚಕ್ರ ದಾಟಿದೆ, ಹಿಂದಿನದು ಇನ್ನೂ ಬಂದಿಲ್ಲ. ಕಿರಣ ಟ್ರೇಲರಿನ ಹೊಟ್ಟೆಯ ಕೆಳಗೆ ಆರಾಮಾಗಿ ಹಾದುಹೋಗುತ್ತೆ. ಗೇಟಿನ ಲೆಕ್ಕದಲ್ಲಿ ಅಲ್ಲಿ ಏನೂ ಇಲ್ಲ! ಕೆಳಗೆ ಬಗ್ಗಿ ಏನೋ ಎತ್ತಿಕೊಳ್ಳುತ್ತಿರುವವರ ಕಥೆಯೂ ಅಷ್ಟೇ.

ಹಾಗಾಗಿ ಪರೀಕ್ಷೆಗೆ ಕೈ ಬಳಸೋದಿಲ್ಲ. 700 ಮಿಲಿಮೀಟರ್ ಉದ್ದ, 300 ಅಗಲ, 200 ದಪ್ಪದ ಪೆಟ್ಟಿಗೆ ಬಳಸುತ್ತಾರೆ. ಅದರ ಕೆಲವು ಮುಖ ಹೊಳಪಿಲ್ಲದ ಕಪ್ಪು, ಉಳಿದವು ಕನ್ನಡಿಯಂತೆ ಮಿನುಗುವಂಥವು. ಯಾಕೆಂದರೆ ಕೆಲವು ಸೆನ್ಸರ್ ಕಪ್ಪು ಬಟ್ಟೆಯನ್ನು ಕಾಣೋದಿಲ್ಲ, ಕೆಲವು ಹೊಳೆಯುವ ಸ್ಟೀಲ್ ನೋಡಿ ಮೋಸ ಹೋಗುತ್ತವೆ. ಈ ಅಳತೆಯ ರಟ್ಟಿನ ಡಬ್ಬ ನೀವೇ ಮಾಡಿಕೊಳ್ಳಬಹುದು. ಅದನ್ನು ನಿಲ್ಲಿಸಿ, ಮಲಗಿಸಿ, ಗೇಟಿನ ಒಳಬದಿಯಲ್ಲಿ, ಹೊರಬದಿಯಲ್ಲಿ ಇಟ್ಟು ನೋಡಿ. ಎಲ್ಲೆಲ್ಲಿ ಗೇಟ್ ನಿಲ್ಲಲಿಲ್ಲ ಅಂತ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಗುರುತು ಜಾಸ್ತಿ ಬಿದ್ದರೆ ಒಂದು ಜೊತೆ ಫೋಟೊಸೆಲ್ ಸಾಲದು ಅಂತ ಅರ್ಥ.

ಸೆನ್ಸರ್ ತಪ್ಪಿಸಿಕೊಂಡು ಗೇಟ್ ಮನುಷ್ಯನಿಗೆ ತಾಗಿಯೇಬಿಟ್ಟರೆ? ಅಸಲಿ ಟೆಸ್ಟ್ ಇಲ್ಲಿದೆ, ಇದಕ್ಕೆ ಮೀಟರ್ ಬೇಕೇ ಬೇಕು. ಉಪಕರಣ ಸರಳ: 80 ಮಿಲಿಮೀಟರ್ ಅಗಲದ ಒಂದು ದುಂಡು ತಟ್ಟೆ, ಒಳಗೆ ಸ್ಪ್ರಿಂಗ್, ಬಲವನ್ನು ಕ್ಷಣಕ್ಷಣಕ್ಕೂ ದಾಖಲಿಸುವ ಸೆನ್ಸರ್. ಗೇಟಿಗೂ ಕಂಬಕ್ಕೂ ನಡುವೆ 50, 300, 500 ಮಿಲಿಮೀಟರ್ ಜಾಗ ಉಳಿದಾಗ ಅದನ್ನು ಅಡ್ಡ ಹಿಡಿದು, ಬೇರೆ ಬೇರೆ ಎತ್ತರಗಳಲ್ಲಿ ಅಳೆಯುತ್ತಾರೆ. ಈ ಅಂಕಿಗಳು ಸುಮ್ನೆ ಬಂದವಲ್ಲ. ಯಂತ್ರಗಳ ಸುರಕ್ಷತೆಯಲ್ಲಿ ತಲೆ ಸಿಕ್ಕಿಕೊಳ್ಳದಿರಲು 300, ಇಡೀ ದೇಹಕ್ಕೆ 500 ಮಿಲಿಮೀಟರ್ ಜಾಗ ಬೇಕು ಅನ್ನೋ ಲೆಕ್ಕ ಇದೆ.

ಆ ಕಿರಿದಾದ ಜಾಗದಲ್ಲಿ ಬಡಿತದ ಬಲ 400 ನ್ಯೂಟನ್ ದಾಟಬಾರದು, ಅಂದರೆ ಸುಮಾರು 40 ಕಿಲೋ ಭಾರ. ಅದೂ 0.75 ಸೆಕೆಂಡಿನೊಳಗೆ 150 ನ್ಯೂಟನ್‌ಗೆ ಇಳಿಯಬೇಕು. 5 ಸೆಕೆಂಡ್ ಆಗುವಷ್ಟರಲ್ಲಿ 25ಕ್ಕಿಂತ ಕಡಿಮೆ ಆಗಿರಬೇಕು, ಅಂದರೆ ಸಿಕ್ಕಿಕೊಂಡವರು ತಾವೇ ತಳ್ಳಿ ಬಿಡಿಸಿಕೊಳ್ಳುವಷ್ಟು. ಜಾಗ 500 ಮಿಲಿಮೀಟರಿಗಿಂತ ಜಾಸ್ತಿ ಇರುವಲ್ಲಿ 1400 ನ್ಯೂಟನ್ ತನಕ ಬಿಡುತ್ತಾರೆ.

400 ಅನ್ನೋದು ಎಷ್ಟು ಕಷ್ಟ ಅಂತ ಒಂದು ಲೆಕ್ಕ ಹಾಕಿ ನೋಡಿ. 600 ಕಿಲೋ ಗೇಟ್ ಸೆಕೆಂಡಿಗೆ 20 ಸೆಂಟಿಮೀಟರ್ ವೇಗದಲ್ಲಿ ಬರುತ್ತಿದ್ದರೆ ಅದರಲ್ಲಿ 12 ಜೂಲ್ ಶಕ್ತಿ ಇರುತ್ತದೆ. ಅದನ್ನು 400 ನ್ಯೂಟನ್ ಒಳಗೆ ನಿಲ್ಲಿಸಬೇಕು ಅಂದರೆ ಕಡಿಮೆ ಅಂದ್ರೂ 3 ಸೆಂಟಿಮೀಟರ್ ದೂರ ಬೇಕು. ಬರೀ ಕಬ್ಬಿಣದ ಅಂಚು 3 ಮಿಲಿಮೀಟರ್ ಕೂಡ ಬಗ್ಗೋದಿಲ್ಲ. ಅದಕ್ಕೇ ಗೇಟಿನ ಮುಂಭಾಗಕ್ಕೆ ದಪ್ಪನೆಯ ಮೆತ್ತನೆ ರಬ್ಬರ್ ಸೇಫ್ಟಿ ಎಡ್ಜ್, ಅಂದರೆ ಒತ್ತಿದರೆ ಗೇಟ್ ನಿಲ್ಲಿಸುವ ಪಟ್ಟಿ, ಹಾಕೋದು. ವೇಗ ಅರ್ಧ ಮಾಡಿದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತೆ, 3 ಜೂಲ್. ಕೊನೆಯ ಅರ್ಧ ಮೀಟರ್ ನಿಧಾನವಾಗಿ ಮುಚ್ಚುವ ಸೆಟ್ಟಿಂಗ್ ತುಂಬಾ ಕಂಟ್ರೋಲ್ ಬೋರ್ಡ್‌ಗಳಲ್ಲಿ ಇರುತ್ತೆ, ದುಡ್ಡಿಲ್ಲದ ಪರಿಹಾರ. ಆದರೂ ‘ಲಾರಿ ಕಾಯಬೇಕಾಗುತ್ತೆ’ ಅಂತ ಅದನ್ನು ಆಫ್ ಮಾಡಿಸುವವರು ಇದ್ದಾರೆ.

2010ರಲ್ಲಿ ಬ್ರಿಟನ್‌ನಲ್ಲಿ ಒಂದೇ ವಾರದೊಳಗೆ ಇಬ್ಬರು ಪುಟ್ಟ ಹುಡುಗಿಯರು, ಒಬ್ಬಳು ಮ್ಯಾಂಚೆಸ್ಟರ್‌ನಲ್ಲಿ, ಇನ್ನೊಬ್ಬಳು ವೇಲ್ಸ್‌ನ ಬ್ರಿಜೆಂಡ್‌ನಲ್ಲಿ, ಎಲೆಕ್ಟ್ರಿಕ್ ಗೇಟ್‌ಗೆ ಸಿಕ್ಕಿ ತೀರಿಕೊಂಡರು. ಅಲ್ಲಿ ಗೇಟ್ ಬಲ ಅಳೆಯೋದನ್ನು ಎಲ್ಲರೂ ಗಂಭೀರವಾಗಿ ತೆಗೆದುಕೊಂಡಿದ್ದು ಅದಾದ ಮೇಲೆ.

ಕಂಟ್ರೋಲ್ ಬಾಕ್ಸ್ ಒಮ್ಮೆ ತೆಗೆದು ನೋಡಿ. ಸಾಮಾನ್ಯ ಬಗೆಯ ಸೇಫ್ಟಿ ಎಡ್ಜ್‌ನ ದೂರದ ತುದಿಯಲ್ಲಿ, ರಬ್ಬರಿನ ಒಳಗೆ, 8.2 ಕಿಲೋ ಓಮ್‌ನ ಒಂದು ಪುಟಾಣಿ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ) ಇರುತ್ತೆ. ಬೋರ್ಡ್ ಸದಾ ಅದನ್ನೇ ಅಳೆಯುತ್ತಿರುತ್ತದೆ. ಎಡ್ಜ್ ಒತ್ತಿದರೆ ಓಮ್ ಸೊನ್ನೆಗೆ ಹೋಗುತ್ತೆ, ವೈರ್ ತುಂಡಾದರೆ ಎಲ್ಲಿಗೋ ಏರುತ್ತೆ. ಎರಡರಲ್ಲೂ ಗೇಟ್ ಓಡಬಾರದು. ಚಂದದ ಐಡಿಯಾ. ಆದರೆ ಎಡ್ಜ್ ಹಾಳಾಗಿ ಗೇಟ್ ಕೈ ಕೊಟ್ಟಾಗ ಕೆಲವರು ಅದೇ ಬೆಲೆಯ ರೆಸಿಸ್ಟರನ್ನು ನೇರ ಬೋರ್ಡಿಗೇ ಸಿಕ್ಕಿಸಿಬಿಡುತ್ತಾರೆ. ಬೋರ್ಡಿಗೆ ಎಲ್ಲ ಸರಿಯಿದೆ ಅನ್ನಿಸುತ್ತೆ, ಗೇಟ್ ಓಡುತ್ತೆ, ರಬ್ಬರ್ ಬರೀ ಅಲಂಕಾರ. ಟರ್ಮಿನಲ್‌ನಲ್ಲಿ ಬೂದು, ಕೆಂಪು, ಕೆಂಪು ಪಟ್ಟಿ ಇರುವ ಬಿಡಿ ರೆಸಿಸ್ಟರ್ ಕಂಡರೆ ಅದು ಯಾಕೆ ಅಲ್ಲಿದೆ ಅಂತ ಕೇಳಲೇಬೇಕು. ಫೋಟೊಸೆಲ್ ಜಾಗದಲ್ಲಿ ಎರಡು ಟರ್ಮಿನಲ್ ಸೇರಿಸಿದ ತುಂಡು ವೈರ್ ಕಂಡರೂ ಅಷ್ಟೇ. ಸರಿಯಾದ ಟೆಸ್ಟ್ ಅಂದರೆ ಪವರ್ ಆಫ್ ಮಾಡಿ ಎಡ್ಜ್‌ನ ವೈರ್ ಒಂದನ್ನು ಬಿಚ್ಚಿ, ಮತ್ತೆ ಆನ್ ಮಾಡಿ ರಿಮೋಟ್ ಒತ್ತೋದು. ಗೇಟ್ ಮುಚ್ಚಲು ಹೊರಟರೆ ಫೇಲ್.

ಇನ್ನು ಬೀಳುವ ವಿಷಯ. ನನ್ನ ಮಟ್ಟಿಗೆ ನಮ್ಮೂರುಗಳಲ್ಲಿ ಮೊದಲು ನೋಡಬೇಕಾದ್ದು ಇದು, ಯಾಕೆಂದರೆ ನಮ್ಮಲ್ಲಿ ಕರೆಂಟ್ ಹೋಗುತ್ತೆ. ಆಟೊಮ್ಯಾಟಿಕ್ ಓಡುವಾಗ ಗೇಟ್ ಎಲ್ಲಿ ನಿಲ್ಲಬೇಕು ಅಂತ ಲಿಮಿಟ್ ಸ್ವಿಚ್ ಹೇಳುತ್ತೆ. ಕರೆಂಟ್ ಹೋದಾಗ ಸೆಕ್ಯುರಿಟಿಯವರು ಕೀ ಹಾಕಿ ಮೋಟಾರ್ ಬಿಡಿಸಿ ಕೈಯಲ್ಲಿ ತಳ್ಳುತ್ತಾರೆ. ಆಗ ಲಿಮಿಟ್ ಸ್ವಿಚ್ ಲೆಕ್ಕಕ್ಕಿಲ್ಲ. ಹಳಿಯ ಕೊನೆಯಲ್ಲಿ ಗಟ್ಟಿ ಸ್ಟಾಪರ್ ಇಲ್ಲದಿದ್ದರೆ ಗೇಟ್ ತನ್ನನ್ನು ನೆಟ್ಟಗೆ ಹಿಡಿದಿಡುವ ಮೇಲಿನ ಗೈಡ್ ರೋಲರ್ ದಾಟಿ ಮುಂದೆ ಹೋಗುತ್ತೆ, ಹಿಡಿದುಕೊಳ್ಳಲು ಏನೂ ಇರೋದಿಲ್ಲ, ತಳ್ಳುತ್ತಿದ್ದವರ ಕಡೆಗೇ ವಾಲುತ್ತೆ. 600 ಕಿಲೋವನ್ನು ಒಬ್ಬರು ಹಿಡಿಯೋಕಾಗಲ್ಲ.

ಪರೀಕ್ಷೆ ಶುರುವಾಗೋದು ಕಣ್ಣಿನಿಂದ. ಎರಡೂ ತುದಿಯಲ್ಲಿ ಸ್ಟಾಪರ್ ಇದೆಯಾ, ಹಳಿಗೋ ಕಾಂಕ್ರೀಟಿಗೋ ಬಿಗಿಯಾಗಿ ಕೂತಿದೆಯಾ, ವೆಲ್ಡ್ ಬಿರುಕು ಬಿಟ್ಟಿದೆಯಾ ನೋಡಿ. ಸ್ಟಾಪರ್ ಇಲ್ಲ, ಸಡಿಲ ಇದೆ ಅಥವಾ ಬಿರುಕು ಬಿಟ್ಟಿದೆ ಅಂದರೆ ಅಲ್ಲಿಗೇ ನಿಲ್ಲಿಸಿ, ಸರಿ ಮಾಡಿಸುವ ತನಕ ಗೇಟನ್ನು ಮುಟ್ಟಬೇಡಿ. ಎಲ್ಲ ಸರಿ ಇದ್ದರೆ ಮೋಟಾರ್ ಬಿಡಿಸಿ, ಗೇಟಿನ ಅಗಲದ ಪಕ್ಕದಲ್ಲಿ ಯಾರೂ ನಿಲ್ಲದೆ, ತುದಿಯಿಂದ ನಡಿಗೆಯ ವೇಗದಲ್ಲಿ ಎರಡೂ ಕಡೆ ತಳ್ಳಿ. ಸ್ಟಾಪರಿಗೆ ಬಡಿದಾಗ ಗೇಟ್ ಗೈಡ್‌ನಿಂದ ಹೊರಗೆ ಬರಬಾರದು.

ಮಳೆ, ಎಷ್ಟು ಸಾವಿರ ಸಲ ತೆರೆದು ಮುಚ್ಚಬಹುದು ಅನ್ನೋವು ಕಾರ್ಯಕ್ಷಮತೆಯ ಲೆಕ್ಕಕ್ಕೆ ಬರುತ್ತವೆ. ಅದನ್ನು ತಯಾರಕರ ಕಾಗದದಲ್ಲಿ ನೋಡಿದರೆ ಸಾಕು. ಗಾಳಿ ಮಾತ್ರ ಹಾಗಲ್ಲ. ಯುರೋಪ್ ಲೆಕ್ಕದ ಎರಡನೇ ದರ್ಜೆಯ ಗಾಳಿ ಒತ್ತಡ 450 ಪ್ಯಾಸ್ಕಲ್. 6 ಮೀಟರ್ ಅಗಲ, 2 ಮೀಟರ್ ಎತ್ತರದ ಗೇಟಿಗೆ ಪೂರ್ತಿ ಶೀಟ್ ಹೊಡೆದಿದ್ದರೆ ಅದರ ಮೇಲೆ ಬೀಳೋದು 5400 ನ್ಯೂಟನ್, ಅಂದರೆ 550 ಕಿಲೋ ಹತ್ತಿರ. ಗ್ರಿಲ್ ಗೇಟ್ ತೂಕಕ್ಕೆ ಮೋಟಾರ್ ಹಾಕಿಸಿ, ಆಮೇಲೆ ‘ಒಳಗೆ ಕಾಣಬಾರದು’ ಅಂತ ಶೀಟ್ ಹೊಡೆಸಿದರೆ ತೂಕವೂ ಬದಲು, ಗಾಳಿಯೂ ಬದಲು. ಹಳೆ ರಿಪೋರ್ಟ್ ಆಗ ಕೆಲಸಕ್ಕೆ ಬರೋದಿಲ್ಲ.

ಎಷ್ಟು ದಿನಕ್ಕೊಮ್ಮೆ ಅಂದರೆ, ಜರ್ಮನಿಯ ಕೆಲಸದ ಸ್ಥಳಗಳ ನಿಯಮದಲ್ಲಿ ಇಂಥ ಗೇಟುಗಳನ್ನು ವರ್ಷಕ್ಕೊಮ್ಮೆಯಾದರೂ ತಿಳಿದವರಿಂದ ಪರೀಕ್ಷಿಸಬೇಕು ಅಂತಿದೆ. ಮೀಟರ್ ಟೆಸ್ಟ್‌ಗೆ ಅದೇ ಅಳತೆ ಇಟ್ಟುಕೊಳ್ಳಿ. ಡಬ್ಬ, ವೈರ್, ಸ್ಟಾಪರ್ ನೋಡೋದನ್ನು ನಿಮ್ಮ ಮೇಂಟೆನೆನ್ಸ್‌ನವರೇ ತಿಂಗಳಿಗೊಮ್ಮೆ ಮಾಡಬಹುದು. ಇದಲ್ಲದೆ ಇನ್ನೊಂದು ಸಂದರ್ಭ ಇದೆ. ಹಳಿಯಲ್ಲಿ ಮಣ್ಣು ತುಂಬಿ ಗೇಟ್ ಅರ್ಧಕ್ಕೆ ನಿಂತರೆ ಟೆಕ್ನಿಷಿಯನ್ ಬರುತ್ತಾರೆ, ಮಣ್ಣು ತೆಗೆಯೋ ಬದಲು ಬೋರ್ಡಿನ ಫೋರ್ಸ್ ನಾಬ್ (ಮೋಟಾರ್ ಎಷ್ಟು ಬಲ ಹಾಕಬೇಕು ಅಂತ ಹೊಂದಿಸುವ ತಿರುಗಣಿ) ಒಂಚೂರು ಏರಿಸಿ ಹೋಗುತ್ತಾರೆ. ಗೇಟ್ ಓಡುತ್ತೆ, ಎಲ್ಲರಿಗೂ ಖುಷಿ. ಅವರು ಹೊರಡುವ ಮೊದಲು ನಾಬ್ ಮುಂಚೆ ಎಲ್ಲಿತ್ತು, ಈಗ ಎಲ್ಲಿದೆ ಅಂತ ಬರೆಸಿಕೊಳ್ಳಿ. ಏರಿಸಿದ್ದರೆ ಮೀಟರ್ ಹಿಡಿದು ಮತ್ತೆ ಅಳೆಯುವ ತನಕ ಆಟೊಮ್ಯಾಟಿಕ್ ಬೇಡ, ಯಾರಾದರೂ ಗೇಟ್ ನೋಡುತ್ತಾ ಬಟನ್ ಒತ್ತಿ ಹಿಡಿದಾಗ ಮಾತ್ರ ಓಡುವ ಮೋಡ್‌ನಲ್ಲಿ ಇಡಿ.