ಅಟೆಂಡಿಂಗ್: ಅರಿವಳಿಕೆ ವಿಭಾಗದಲ್ಲಿ ಇದರ ಅರ್ಥವೇನು?

ಅಮೆರಿಕದ ಬೋಧನಾ ಆಸ್ಪತ್ರೆಗಳಲ್ಲಿ ತರಬೇತಿ ಮುಗಿಸಿ, ರೋಗಿಯ ಚಿಕಿತ್ಸೆಯ ಕೊನೆಯ ಹೊಣೆ ಹೊತ್ತ ವೈದ್ಯರನ್ನು ‘ಅಟೆಂಡಿಂಗ್’ ಎನ್ನುತ್ತಾರೆ. ಆದರೆ ಆಪರೇಷನ್ ಉದ್ದಕ್ಕೂ ರೋಗಿಯ ತಲೆಯ ಬಳಿ ಇರುವವರು ಹೆಚ್ಚಾಗಿ ಅವರಲ್ಲ, ತರಬೇತಿಯಲ್ಲಿರುವ ರೆಸಿಡೆಂಟ್.

ಅಟೆಂಡಿಂಗ್ ಆಗುವ ದಾರಿ ಉದ್ದ: ಪದವಿಗೆ 4 ವರ್ಷ, ವೈದ್ಯಕೀಯ ಶಿಕ್ಷಣಕ್ಕೆ 4, ರೆಸಿಡೆನ್ಸಿಗೆ (ಆಸ್ಪತ್ರೆಯಲ್ಲಿನ ತರಬೇತಿಗೆ) 4. ರೆಸಿಡೆನ್ಸಿಯ ಮೊದಲ ವರ್ಷ ಸಾಮಾನ್ಯ ವೈದ್ಯಕೀಯ ತರಬೇತಿ. ಉಳಿದ ಮೂರು (ಸಿಎ-1, ಸಿಎ-2, ಸಿಎ-3; ಸಿಎ ಎಂದರೆ ಕ್ಲಿನಿಕಲ್ ಅನೆಸ್ತೇಷಿಯಾ) ಅರಿವಳಿಕೆಯವು. ವರ್ಷ ತುಂಬಿದರೆ ಸಾಲದು, ಅರಿವಳಿಕೆ ನೋಡಿಕೊಂಡ ಕೇಸುಗಳ ಲೆಕ್ಕವೂ ತುಂಬಬೇಕು: ಕನಿಷ್ಠ 40 ಸಹಜ ಹೆರಿಗೆ, 20 ಸಿಸೇರಿಯನ್, 12 ವರ್ಷದೊಳಗಿನ 100 ಮಕ್ಕಳು. ಆ ನೂರರಲ್ಲಿ ಐದು ಮೂರು ತಿಂಗಳೊಳಗಿನ ಕೂಸುಗಳಾಗಿರಬೇಕು, ಅವು ಬೇಕೆಂದಾಗ ಸಿಗುವ ಕೇಸುಗಳಲ್ಲ. ಹೃದಯ ಅಥವಾ ಮಕ್ಕಳ ಅರಿವಳಿಕೆಯಲ್ಲೇ ನಿಲ್ಲುವವರು ಇನ್ನೊಂದು ವರ್ಷ ಫೆಲೋಶಿಪ್ (ಆ ಉಪವಿಭಾಗದ ವಿಶೇಷ ತರಬೇತಿ) ಮಾಡುತ್ತಾರೆ.

ನಿಜವಾದ ಕಸುಬು ಶುರುವಾಗುವುದು ಆಮೇಲೆ. ರೆಸಿಡೆಂಟ್‌ಗಳ ಜೊತೆ ಒಬ್ಬ ಅಟೆಂಡಿಂಗ್ ಒಮ್ಮೆಗೆ ಎರಡಕ್ಕಿಂತ ಹೆಚ್ಚು ಥಿಯೇಟರ್ ನೋಡಿಕೊಳ್ಳುವಂತಿಲ್ಲ. ಪ್ರಜ್ಞೆ ತಪ್ಪಿಸುವಾಗಲೂ ಎಬ್ಬಿಸುವಾಗಲೂ ಖುದ್ದಾಗಿ ಇರಬೇಕು. ಎರಡೂ ಥಿಯೇಟರ್ ಬೆಳಗ್ಗೆ ಒಂದೇ ಹೊತ್ತಿಗೆ ಶುರುವಾದರೆ? ಅನುಭವಿಗಳು ಹಿಂದಿನ ದಿನವೇ ಸರದಿ ಗೊತ್ತುಮಾಡುತ್ತಾರೆ. ಎಪಿಡ್ಯೂರಲ್ (ಬೆನ್ನಿನಲ್ಲಿ ಔಷಧ ಕೊಡುವ ಸಣ್ಣ ನಳಿಕೆ) ಅಥವಾ ಆರ್ಟೀರಿಯಲ್ ಲೈನ್ (ರಕ್ತದೊತ್ತಡ ಅಳೆಯಲು ಅಪಧಮನಿಗೆ ಹಾಕುವ ನಳಿಕೆ) ಬೇಕಿರುವ ರೋಗಿಯ ಸಿದ್ಧತೆಗೆ ಹೇಗೂ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಇನ್ನೊಂದು ಥಿಯೇಟರಿನ ಇಂಡಕ್ಷನ್ (ಪ್ರಜ್ಞೆ ತಪ್ಪಿಸುವ ಕೆಲಸ) ಮುಗಿಯುತ್ತದೆ. ಕಾಯಬೇಕಾದ ಸರ್ಜನ್ ಗೊಣಗಬಹುದು, ಗೊಣಗಲಿ.

ಹೊಸ ಅಟೆಂಡಿಂಗ್ ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಉಸಿರಿನ ಕೊಳವೆ ಹಾಕಲು ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪನ್ನು ರೆಸಿಡೆಂಟ್ ಕೈಯಿಂದ ಬೇಗ ಕಸಿದುಕೊಳ್ಳುವುದು. ಎಷ್ಟು ಸಲ ಪ್ರಯತ್ನಿಸಬಹುದು, ಆಮ್ಲಜನಕದ ಮಟ್ಟ ಎಷ್ಟಕ್ಕೆ ಇಳಿದರೆ ಕೈಬಿಟ್ಟು ಮಾಸ್ಕ್ ಹಿಡಿಯಬೇಕು ಎಂದು ಮೊದಲೇ ಮಾತಾಡಿಕೊಂಡಿದ್ದರೆ ಈ ಕಸಿದಾಟ ಇರುವುದಿಲ್ಲ. ಇನ್ನೊಂದು, ಕೇಸಿನ ಕೊನೆಯನ್ನು ಹಗುರವಾಗಿ ಕಾಣುವುದು. ಸ್ನಾಯು ಸಡಿಲಿಸುವ ಔಷಧದ ಪರಿಣಾಮ ಇಳಿದಿದೆಯೇ ಎಂದು ನರ ಪ್ರಚೋದಕದಿಂದ ಅಳೆಯದೆ, ಟ್ರೇನ್-ಆಫ್-ಫೋರ್ ಅನುಪಾತ (ನಾಲ್ಕು ಪ್ರಚೋದನೆಗಳಲ್ಲಿ ಕೊನೆಯದಕ್ಕೆ ಸ್ನಾಯು ಮಿಡಿಯುವುದು ಮೊದಲನೆಯದರ ಎಷ್ಟು ಪಾಲು ಎಂಬ ಅಳತೆ) 0.9 ಮುಟ್ಟುವ ಮೊದಲೇ ಕೊಳವೆ ತೆಗೆದರೆ ರೋಗಿ ರಿಕವರಿ ಕೋಣೆಯಲ್ಲಿ ಉಸಿರಿಗೆ ಒದ್ದಾಡಬಹುದು. ರೆಸಿಡೆಂಟ್ ಕಣ್ಣಂದಾಜಿನಲ್ಲಿ ‘ಸರಿಯಿದೆ’ ಎಂದರೆ ಒಪ್ಪದೆ ಅಂಕಿ ಕೇಳಬೇಕಾದವರು ಅಟೆಂಡಿಂಗ್.

ಬೋಧನಾ ಆಸ್ಪತ್ರೆಯ ಅಟೆಂಡಿಂಗ್ ಬೋಧಕರೂ ಹೌದು. ಅಸಿಸ್ಟೆಂಟ್ ಪ್ರೊಫೆಸರ್‌ನಿಂದ ಅಸೋಸಿಯೇಟ್, ಅಲ್ಲಿಂದ ಪ್ರೊಫೆಸರ್ ಆಗಲು ಸಂಶೋಧನೆ, ಪಾಠ, ಪ್ರಕಟಣೆಗಳೂ ಲೆಕ್ಕಕ್ಕೆ ಬರುತ್ತವೆ. ಅದಕ್ಕೆಂದು ಕೊಡುವ ‘ನಾನ್-ಕ್ಲಿನಿಕಲ್’ (ರೋಗಿಗಳ ಕೆಲಸವಿಲ್ಲದ) ದಿನಗಳನ್ನು ಥಿಯೇಟರಿಗೆ ಜನ ಕಡಿಮೆಯಾದಾಗ ಮೊದಲು ಕಿತ್ತುಕೊಳ್ಳುತ್ತಾರೆ. ಕೆಲಸಕ್ಕೆ ಸೇರುವ ಮುನ್ನ ಈ ದಿನಗಳು ಎಷ್ಟೆಂದು ಬರಹದಲ್ಲಿ ಪಡೆಯುವುದು ಒಳಿತು.